ಟಗರುತಲೆಯ ಕುಂಬಾರನ ಜಾಡಿನಲ್ಲಿ

ದೇವರು ಮಣ್ಣು ಕಲಸಿ ಮನುಷ್ಯನನ್ನು ಮಾಡಿದ ಎನ್ನುವ ಕಥೆ ಲೋಕದ ಎಷ್ಟೋ ಕಡೆ ಇದೆ. ಸುಮೇರಿನಲ್ಲಿ ಎಂಕಿ, ಚೀನಾದಲ್ಲಿ ನೂವಾ, ಗ್ರೀಸಿನಲ್ಲಿ ಪ್ರೊಮಿಥಿಯಸ್, ಬೈಬಲಿನಲ್ಲಿ ಯೆಹೋವ. ಈ ಕಥೆ ಹುಟ್ಟಿದ್ದು ಹೇಗೆ ಅನ್ನುವ ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕಾಡುತ್ತಿತ್ತು. ಕಥೆ ಓದಿದ್ದು ಸಾಕು, ಆ ಮಣ್ಣನ್ನೇ ನೋಡೋಣ ಅನ್ನಿಸಿ ಈಜಿಪ್ಟಿಗೆ ಹೊರಟೆ. ಅಲ್ಲಿ ಈ ಕೆಲಸ ಮಾಡುವ ದೇವರು ಖ್ನುಮ್. ಟಗರಿನ ತಲೆ, ಮನುಷ್ಯನ ಮೈ. ತಿಗರಿಯ ಮುಂದೆ ಕೂತು ಮಕ್ಕಳನ್ನು ಮಾಡುತ್ತಾನೆ. ಅವನ ಚಿತ್ರಗಳು, ಗುಡಿಗಳು, ಅವನ ಊರು, ಅವನ ಕೈಯಲ್ಲಿರುವ ಮಣ್ಣು ಎಲ್ಲವೂ ಒಂದೇ ನದಿಯ ದಂಡೆಯಲ್ಲಿವೆ.

ಜೊತೆಗೆ ಅಕ್ಕ ಬಂದಳು. ಅವಳು ಮೈಸೂರಿನಲ್ಲಿ ಮಕ್ಕಳಿಗೆ ಮಡಕೆ ಮಾಡುವುದನ್ನು ಕಲಿಸುತ್ತಾಳೆ. ನನಗೆ ಚಿತ್ರದಲ್ಲಿ ದೇವರು ಕಂಡರೆ ಅವಳಿಗೆ ತಿಗರಿ ಕಾಣುತ್ತದೆ. ಈ ಪ್ರವಾಸದಲ್ಲಿ ನಾನು ಕಲಿತದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಅವಳ ಕಣ್ಣಿನಿಂದಲೇ ಬಂದದ್ದು.

ಭಾನುವಾರ, ಸಕ್ಕಾರ

ಕೈರೋದಿಂದ ಬೆಳಗ್ಗೆಯೇ ಸಕ್ಕಾರಕ್ಕೆ ಹೋದೆವು. ಎಲ್ಲರೂ ಮೆಟ್ಟಿಲು ಪಿರಮಿಡ್ಡಿನ ಕಡೆ ನಡೆದರು. ನಾವು ತೀ ಎಂಬ ಅಧಿಕಾರಿಯ ಗೋರಿಗೆ ಹೋದೆವು. ಐದನೇ ರಾಜವಂಶದ ಕಾಲದ್ದು, ಸುಮಾರು ಕ್ರಿ.ಪೂ. 2400. ಒಳಗೆ ಉಗ್ರಾಣದ ಕೋಣೆಯ ಗೋಡೆ ತುಂಬ ಕೆಲಸದವರು. ರೊಟ್ಟಿ ಸುಡುವವರು, ಬಿಯರ್ ತಯಾರಿಸುವವರು, ಅವರ ಜೊತೆಯಲ್ಲೇ ಕುಂಬಾರರು. ಒಬ್ಬ ಆವಿಗೆಯ ಹತ್ತಿರ ಇದ್ದಾನೆ. ಇನ್ನೊಬ್ಬ ಕುಕ್ಕರಗಾಲಲ್ಲಿ ಕೂತು ಒಂದು ಕೈಯಿಂದ ತಿಗರಿ ತಿರುಗಿಸುತ್ತಾ ಇನ್ನೊಂದು ಕೈಯಿಂದ ಮಡಕೆಗೆ ರೂಪ ಕೊಡುತ್ತಿದ್ದಾನೆ. ಈಜಿಪ್ಟಿನಲ್ಲಿ ಸಿಕ್ಕಿರುವ ತಿಗರಿಯ ಅತಿ ಹಳೆಯ ಚಿತ್ರಗಳಲ್ಲಿ ಇದೊಂದು.

ಈ ಚಿತ್ರದಲ್ಲಿ ದೇವರಿಲ್ಲ. ಬಿಯರ್ ತುಂಬಲು ಮಡಕೆ ಬೇಕು, ಅದಕ್ಕೆ ಕುಂಬಾರ ಕೂತಿದ್ದಾನೆ.

ಹಾಗಂತ ಆಗ ಖ್ನುಮ್ ಇರಲಿಲ್ಲ ಅಂತಲ್ಲ. ತೀಗಿಂತ ಮೊದಲೇ ಗೀಜಾದ ದೊಡ್ಡ ಪಿರಮಿಡ್ ಕಟ್ಟಿಸಿದ ರಾಜನ ಪೂರ್ತಿ ಹೆಸರು ಖ್ನುಮ್-ಖುಫು. ಕಾಯುವ ದೇವರ ಹೆಸರನ್ನು ರಾಜ ತನ್ನ ಹೆಸರಿಗೆ ಸೇರಿಸಿಕೊಂಡಿದ್ದ. ಸಕ್ಕಾರದ ಪಿರಮಿಡ್ಡುಗಳ ಒಳಗೋಡೆಯ ಮಂತ್ರಗಳಲ್ಲೂ ಖ್ನುಮ್ ಬರುತ್ತಾನೆ. ಅಲ್ಲಿ ಅವನು ದೋಣಿ ಕಟ್ಟುತ್ತಾನೆ, ಆಕಾಶಕ್ಕೆ ಹತ್ತಲು ಏಣಿ ಮಾಡುತ್ತಾನೆ. ಕೈಕೆಲಸದ ದೇವರೇನೋ ಹೌದು, ಆದರೆ ಮಕ್ಕಳನ್ನು ಮಾಡುವ ಕುಂಬಾರನಾಗಿ ಅಲ್ಲಿ ಕಾಣುವುದಿಲ್ಲ. ಮೊದಲು ಮನುಷ್ಯ ತಿಗರಿಗೆ ಕೂತ. ದೇವರು ಅಲ್ಲಿಗೆ ಬಂದದ್ದು ಆಮೇಲೆ. ಗೋರಿಯಿಂದ ಹೊರಗೆ ಬರುವಾಗ ನನ್ನ ತಲೆಯಲ್ಲಿ ಇದೇ ಓಡುತ್ತಿತ್ತು.

ರಾತ್ರಿ ರೈಲು. ಲಕ್ಸರ್‌ಗೆ ಸುಮಾರು 650 ಕಿ.ಮೀ.

ಸೋಮವಾರ, ಲಕ್ಸರ್

ಹಗಲು ನಿದ್ದೆಯಲ್ಲೇ ಕಳೆಯಿತು. ಸಂಜೆ ದೀಪ ಹಚ್ಚಿದ ಮೇಲೆ ಲಕ್ಸರ್ ದೇಗುಲಕ್ಕೆ ಹೋದೆವು. ಜನ ಅಂಗಳದ ಕಂಬಗಳ ಹತ್ತಿರ ಫೋಟೋ ತೆಗೆಸಿಕೊಂಡು ವಾಪಸ್ಸಾಗುತ್ತಾರೆ. ಹಿಂದುಗಡೆ, ಪೂರ್ವದ ಪಕ್ಕದಲ್ಲಿ ಒಂದು ಸಣ್ಣ ಕೋಣೆ ಇದೆ. ಮೂರನೇ ಅಮೆನ್‌ಹೊಟೆಪ್‌ನ ಜನ್ಮದ ಕೋಣೆ, ಕ್ರಿ.ಪೂ. 14ನೇ ಶತಮಾನದ್ದು. ಪಶ್ಚಿಮದ ಗೋಡೆಯಲ್ಲಿ ಖ್ನುಮ್ ಕೂತಿದ್ದಾನೆ. ಎದುರಿಗೆ ಒಬ್ಬ ದೇವತೆ. ನಡುವೆ ಒಂದೇ ಥರದ ಇಬ್ಬರು ಮಕ್ಕಳು. ಒಬ್ಬ ರಾಜ, ಇನ್ನೊಬ್ಬ ಅವನ ಕಾ. ಪ್ರತಿ ಮನುಷ್ಯನ ಜೊತೆ ಹುಟ್ಟಿ, ಅವನು ಸತ್ತ ಮೇಲೂ ಉಳಿಯುವ ಜೀವಶಕ್ತಿಯನ್ನು ಅವರು ಕಾ ಎನ್ನುತ್ತಿದ್ದರು.

ಕಲ್ಲು ಬಹಳ ಸವೆದಿದೆ. ಪಕ್ಕದಿಂದ ಬೆಳಕು ಬಿದ್ದರೆ ಮಾತ್ರ ಗೆರೆಗಳು ಏಳುತ್ತವೆ. ಅಕ್ಕ ಗೋಡೆಯ ಹತ್ತಿರ ತುಂಬ ಹೊತ್ತು ನಿಂತಳು.

"ಇದು ತಿಗರಿಯಲ್ಲಿ ಆಗೋ ಕೆಲಸ ಅಲ್ಲ ಕಣೋ," ಅಂದಳು.

"ಯಾಕೆ?"

"ತಿಗರಿ ವೇಗವಾಗಿ ತಿರುಗಿದರೆ ಏಳೋದು ದುಂಡಗಿನ, ಒಳಗೆ ಟೊಳ್ಳಾದ ಪಾತ್ರೆ. ಕೈ, ಕಾಲು, ಮೂಗು ಇರೋ ಗೊಂಬೆ ಏಳಲ್ಲ. ಗೊಂಬೆಯನ್ನ ಕೈಯಲ್ಲೇ ತಿದ್ದಬೇಕು. ಗಣಪತಿ ಮಾಡೋರು ಹಲಗೆ ಮೇಲೆ ಇಟ್ಟುಕೊಂಡು ಸ್ವಲ್ಪ ಸ್ವಲ್ಪ ತಿರುಗಿಸ್ತಾ ಎಲ್ಲ ಕಡೆಯಿಂದ ತಿದ್ದುತ್ತಾರಲ್ಲ, ಇಲ್ಲಿ ತಿಗರಿ ಆ ಹಲಗೆ ಅಷ್ಟೆ."

ಈ ಚಿತ್ರವನ್ನು ಪುಸ್ತಕಗಳಲ್ಲಿ ನಾನು ಎಷ್ಟೋ ಸಲ ನೋಡಿದ್ದೆ. ಹೀಗೆ ಯೋಚಿಸಿರಲಿಲ್ಲ. ಗೋಡೆಯ ಮೇಲೆ ಎರಡು ಹಳೆಯ ಕಸುಬುಗಳು ಕೂಡಿಕೊಂಡಿವೆ. ಮಣ್ಣಿನ ಗೊಂಬೆ ತಿದ್ದುವುದು ತಿಗರಿಗಿಂತ ಸಾವಿರಾರು ವರ್ಷ ಹಳೆಯದು. ಮಡಕೆ ತಿಗರಿ ಆಮೇಲಿನದು. ಕಥೆ ಕಟ್ಟಿದವರು ಎರಡನ್ನೂ ಕಂಡಿದ್ದರು, ಎರಡನ್ನೂ ಒಬ್ಬ ದೇವರ ಕೈಗೆ ಕೊಟ್ಟರು.

ಮಂಗಳವಾರ, ದೇರ್ ಎಲ್-ಬಹರಿ

ಹಟ್ಶೆಪ್ಸುಟ್ ರಾಣಿಯ ದೇಗುಲ ನದಿಯ ಪಶ್ಚಿಮ ದಂಡೆಯಲ್ಲಿದೆ. ಸುಣ್ಣದ ಕಲ್ಲಿನ ಬೆಟ್ಟದ ಬುಡದಲ್ಲಿ ಮೂರು ಹಂತವಾಗಿ ಏರುತ್ತದೆ. ನಡುವಿನ ಹಂತದ ಎಡಗಡೆ ಪುಂಟ್ ದೇಶದ ಸಮುದ್ರಯಾನದ ಚಿತ್ರಗಳಿವೆ, ಗುಂಪು ಅಲ್ಲೇ. ಬಲಗಡೆ ಜನ್ಮದ ಮೊಗಸಾಲೆ. ಲಕ್ಸರ್‌ನ ಕೋಣೆಗಿಂತ ಸುಮಾರು ನೂರು ವರ್ಷ ಹಳೆಯದು.

ಕಥೆ ಗೋಡೆಯುದ್ದಕ್ಕೂ ಸಾಗುತ್ತದೆ. ಅಮುನ್ ದೇವರು ರಾಜನ ರೂಪದಲ್ಲಿ ಹಟ್ಶೆಪ್ಸುಟ್‌ಳ ತಾಯಿ, ರಾಣಿ ಅಹ್ಮೋಸ್ ಬಳಿ ಬರುತ್ತಾನೆ. ಆಮೇಲೆ ಖ್ನುಮ್‌ನನ್ನು ಕರೆದು ಮಗುವನ್ನು ಮಾಡು ಎನ್ನುತ್ತಾನೆ. ಖ್ನುಮ್ ಮಗುವನ್ನೂ ಅವಳ ಕಾವನ್ನೂ ತಿದ್ದುತ್ತಾನೆ. ಕಪ್ಪೆತಲೆಯ ಹೆಕೆತ್ ದೇವತೆ ಮೊಣಕಾಲೂರಿ ಕೂತು ಮಕ್ಕಳ ಮೂಗಿನ ಹತ್ತಿರ ಆಂಖ್ ಹಿಡಿಯುತ್ತಾಳೆ. ಆಂಖ್ ಅಂದರೆ ಮೇಲೆ ಕುಣಿಕೆ ಇರುವ ಶಿಲುಬೆಯಂಥ ಗುರುತು, ಜೀವ ಎಂದು ಅದರ ಅರ್ಥ. ಮಣ್ಣಿಗೆ ರೂಪ ಕೊಡುವವನು ಒಬ್ಬ, ಉಸಿರು ತುಂಬುವವಳು ಇನ್ನೊಬ್ಬಳು. ಕುಂಬಾರ ಎಷ್ಟು ಚೆನ್ನಾಗಿ ಮಾಡಿದರೂ ಗೊಂಬೆ ಎದ್ದು ನಡೆಯುವುದಿಲ್ಲ ಅನ್ನುವುದು ಆ ಜನಕ್ಕೆ ಗೊತ್ತಿತ್ತು. ಮಣ್ಣಿನ ಕಥೆ ಇರುವ ಬೇರೆ ನಾಡುಗಳಲ್ಲೂ ಎರಡನೆಯದೊಂದು ಬೇಕೇ ಬೇಕು. ಬೈಬಲಿನಲ್ಲಿ ಮೂಗಿಗೆ ಊದಿದ ಉಸಿರು, ಬಾಬಿಲೋನಿಯಾದಲ್ಲಿ ದೇವರ ರಕ್ತ.

ಮುಂದಿನ ಚಿತ್ರದಲ್ಲಿ ಖ್ನುಮ್ ಮತ್ತು ಹೆಕೆತ್ ಗರ್ಭಿಣಿ ರಾಣಿಯ ಕೈ ಹಿಡಿದು ಹೆರಿಗೆ ಕೋಣೆಗೆ ಕರೆದುಕೊಂಡು ಹೋಗುತ್ತಾರೆ. ರಾಣಿಯ ಹೊಟ್ಟೆ ಸ್ವಲ್ಪವೇ ಉಬ್ಬಿದೆ. ಈ ಒಂದು ಗೆರೆ ಇಡೀ ದೇಗುಲದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು. ಮಗು ಹೊಟ್ಟೆಯಲ್ಲೇ ಬೆಳೆಯುತ್ತದೆ ಎಂದು ಅವರಿಗೆ ನಮ್ಮಷ್ಟೇ ಚೆನ್ನಾಗಿ ಗೊತ್ತಿತ್ತು. ತಿಗರಿಯ ಚಿತ್ರ ಆ ತಿಳಿವಳಿಕೆಯ ಬದಲಿಗೆ ಬಂದದ್ದಲ್ಲ, ಅದರ ಜೊತೆಗೆ ಬಂದದ್ದು. ಕಾಣದ ಜಾಗದಲ್ಲಿ ನಡೆಯುವ ಕೆಲಸವನ್ನು ಕಾಣುವ ಕೆಲಸದ ಮೂಲಕ ಹೇಳಿದ್ದಾರೆ.

ಹಟ್ಶೆಪ್ಸುಟ್ ಸತ್ತ ಮೇಲೆ ಅವಳ ಚಿತ್ರಗಳನ್ನು ಹಲವು ಕಡೆ ಕೆತ್ತಿ ತೆಗೆಸಿದರು. ತಿಗರಿಯ ಮೇಲಿರುವ ಮಕ್ಕಳು ಗಂಡು ಮಕ್ಕಳ ಹಾಗೆ ಕಾಣುತ್ತಾರೆ. ಅವಳು ರಾಜನ ಪಟ್ಟದಲ್ಲಿ ಕೂತವಳು, ಹಾಗಾಗಿ ದೇವರೂ ಅವಳನ್ನು ರಾಜನಾಗಿಯೇ ಮಾಡಬೇಕಿತ್ತು. ಲಕ್ಸರ್‌ನಲ್ಲೂ ಇಲ್ಲೂ ಖ್ನುಮ್ ಮಾಡುತ್ತಿರುವುದು ರಾಜರನ್ನು ಮಾತ್ರ, ಇದನ್ನು ಗಮನಿಸಬೇಕು. ಹೊಲ ಉಳುವವನ ಮಗುವನ್ನು ಯಾರು ಮಾಡಿದರು ಎಂದು ಈ ಗೋಡೆಗಳು ಹೇಳುವುದಿಲ್ಲ. ಮನುಷ್ಯರು ಸೂರ್ಯದೇವರ ಕಣ್ಣೀರಿನಿಂದ ಹುಟ್ಟಿದರು ಎನ್ನುವ ಇನ್ನೊಂದು ಕಥೆಯೂ ಈ ನಾಡಿನಲ್ಲೇ ಇತ್ತು.

ಬುಧವಾರ, ಕೆನಾ ಮತ್ತು ದೆಂದೆರಾ

ಲಕ್ಸರ್‌ನಿಂದ ಉತ್ತರಕ್ಕೆ ಸುಮಾರು 60 ಕಿ.ಮೀ. ದಾರಿಯಲ್ಲಿ ಕಬ್ಬಿನ ಗದ್ದೆಗಳು. ಹಳ್ಳಿಗಳಲ್ಲಿ ಮನೆ ಮುಂದೆ ದೊಡ್ಡ ಮಣ್ಣಿನ ಗುಡಾಣ, ಮೇಲೊಂದು ಮುಚ್ಚಳ, ಒಂದು ಲೋಟ. ಅದನ್ನು ಜೀರ್ ಎನ್ನುತ್ತಾರೆ. ದಾರಿಹೋಕರು ಯಾರು ಬೇಕಾದರೂ ಕುಡಿಯಬಹುದು. ಗುಡಾಣದ ಹೊರಮೈ ಒದ್ದೆಯಾಗಿಯೇ ಇರುತ್ತದೆ. ಆ ತೇವ ಆರುವಾಗ ಒಳಗಿನ ನೀರು ತಣ್ಣಗಾಗುತ್ತದೆ.

ಕೆನಾ ಸೀಮೆ ಮಡಕೆಗೆ ಹೆಸರುವಾಸಿ. ಈಜಿಪ್ಟಿನ ಕುಂಬಾರರಿಗೆ ಎರಡು ಬಗೆಯ ಮಣ್ಣು. ನದಿ ತಂದು ಹಾಕಿದ ಕಪ್ಪು ಮೆಕ್ಕಲು ಒಂದು, ಸುಟ್ಟರೆ ಕೆಂಪಾಗುತ್ತದೆ. ಮರುಭೂಮಿಯ ಅಂಚಿನ ಸುಣ್ಣ ಬೆರೆತ ಮಣ್ಣು ಇನ್ನೊಂದು, ಸುಟ್ಟರೆ ಬಿಳಿಚಾಗುತ್ತದೆ. ಕೆನಾದ್ದು ಈ ಎರಡನೆಯದು. ನೀರಿನ ಹೂಜಿಗೆ ಅದೇ ಸರಿ.

ದಾರಿ ಬದಿಯಲ್ಲಿ ಒಬ್ಬ ಮುದುಕ ಹಸಿ ಇಟ್ಟಿಗೆ ಬಡಿಯುತ್ತಿದ್ದರು. ಡ್ರೈವರ್ ಗಾಡಿ ನಿಲ್ಲಿಸಿದ. ಗುಂಡಿಯಲ್ಲಿ ಕಪ್ಪು ಮಣ್ಣು, ನೀರು, ಕತ್ತರಿಸಿದ ಗೋಧಿ ಹುಲ್ಲು. ಅಕ್ಕ ಕೇಳದೆ ಸೀರೆ ಸೆರಗು ಸಿಕ್ಕಿಸಿ ಒಂದು ಮುದ್ದೆ ಕೈಗೆತ್ತಿಕೊಂಡಳು. ಮುದುಕ ನಕ್ಕರು. ಅವಳು ನಾದುವುದನ್ನು ನೋಡಿ ಇನ್ನಷ್ಟು ಹುಲ್ಲು ಹಾಕು ಎಂದು ಸನ್ನೆ ಮಾಡಿದರು. ಬರೀ ಮಣ್ಣು ಒಣಗುವಾಗ ಸೀಳುತ್ತದೆ. ಹುಲ್ಲು ಹಿಡಿದುಕೊಳ್ಳುತ್ತದೆ.

ಆ ಗುಂಡಿಯ ಪಕ್ಕ ನಿಂತಾಗ ಮೂರು ಸಾವಿರ ವರ್ಷದ ಹಿಂದಿನ ಅಮೆನೆಮೊಪೆ ನೆನಪಾದ. ಅವನ ಬುದ್ಧಿಮಾತುಗಳ ಒಂದು ಸುರುಳಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಕುರುಡನನ್ನು ಗೇಲಿ ಮಾಡಬೇಡ, ಕುಳ್ಳನನ್ನು ಕೆಣಕಬೇಡ ಎಂದು ಹೇಳಿ ಅವನು ಕಾರಣ ಕೊಡುತ್ತಾನೆ. ಮನುಷ್ಯನೆಂದರೆ ಮಣ್ಣು ಮತ್ತು ಹುಲ್ಲು, ದೇವರು ಅವನನ್ನು ಕಟ್ಟುವವನು, ದಿನಾ ಕೆಡವುತ್ತಾನೆ, ದಿನಾ ಕಟ್ಟುತ್ತಾನೆ ಅನ್ನುವುದು ಅದರ ಭಾವ. ಇಲ್ಲಿ ರಾಜನಿಲ್ಲ. ಎಲ್ಲರೂ ಈ ಗುಂಡಿಯ ಮಣ್ಣೇ. ಮಣ್ಣಿನ ಕಥೆಯ ಅತ್ಯಂತ ಒಳ್ಳೆಯ ಬಳಕೆ ಇದು ಎಂದು ನನಗನ್ನಿಸುತ್ತದೆ.

ಕಾರಿನಲ್ಲಿ ಅಕ್ಕ ಕೇಳಿದಳು. "ಬಾಬಿಲೋನಿನವರು ರಕ್ತ ಯಾಕೆ ಬೆರೆಸಿದರು?"

ಅತ್ರಹಾಸಿಸ್ ಕಥೆ ಹೇಳಿದೆ. ಕ್ರಿ.ಪೂ. 17ನೇ ಶತಮಾನದ ಹಲಗೆಗಳಲ್ಲಿ ಸಿಕ್ಕಿದೆ. ಆ ಹಲಗೆಗಳೂ ಮಣ್ಣಿನವೇ. ಸಣ್ಣ ದೇವರುಗಳು ಕಾಲುವೆ ತೋಡಿ ತೋಡಿ ಸುಸ್ತಾಗಿ ಸಲಿಕೆ ಸುಟ್ಟು ಮುಷ್ಕರ ಹೂಡುತ್ತಾರೆ. ಆಗ ಒಬ್ಬ ದೇವರನ್ನು ಕೊಂದು ಅವನ ರಕ್ತ ಮಾಂಸವನ್ನು ಜೇಡಿಮಣ್ಣಿಗೆ ಕಲಸುತ್ತಾರೆ. ಹದಿನಾಲ್ಕು ಉಂಡೆ, ಏಳು ಗಂಡು, ಏಳು ಹೆಣ್ಣು. ಆ ಮೇಲೆ ಕಾಲುವೆ ತೋಡುವ ಕೆಲಸ ಮನುಷ್ಯರದು.

"ಅಂದ್ರೆ ಅಲ್ಲಿ ಕೂಲಿಗೆ ಮಾಡಿದ್ದು," ಅಂದಳು ಅಕ್ಕ. ಹೌದು. ವರ್ಷವರ್ಷ ಹೂಳು ಎತ್ತದಿದ್ದರೆ ಕಾಲುವೆ ಮುಚ್ಚಿಹೋಗುವ ನಾಡು ಅದು. ಅಲ್ಲಿ ಮಣ್ಣೆಂದರೆ ಮೊದಲು ಬೆನ್ನುನೋವು. ನೈಲ್ ತಾನೇ ಉಕ್ಕಿ, ತಾನೇ ಇಳಿದು, ಹೊಲಕ್ಕೆ ಮೆಕ್ಕಲು ಹಾಸಿ ಹೋಗುತ್ತಿತ್ತು. ಖ್ನುಮ್ ಯಾರನ್ನೂ ಕೂಲಿಗೆಂದು ಮಾಡಿದ ಕಥೆ ನಾನು ಎಲ್ಲೂ ಓದಿಲ್ಲ. ಕಥೆಗೆ ಬಳಸಿದ ವಸ್ತು ಒಂದೇ, ಆದರೆ ಅದನ್ನು ಮುಟ್ಟುವ ಕೈಗೆ ಆಗುವ ಅನುಭವ ಬೇರೆ.

ದೆಂದೆರಾದಲ್ಲಿ ಹಾಥೋರ್ ದೇಗುಲದ ಅಂಗಳದಲ್ಲಿ ಜನ್ಮಮಂದಿರಗಳಿವೆ. ಇಲ್ಲಿ ಖ್ನುಮ್ ಮಾಡುತ್ತಿರುವುದು ಹಾಥೋರ್ ದೇವಿಯ ಮಗು ಇಹಿಯನ್ನು. ಹೆಕೆತ್ ಇಲ್ಲೂ ಇದ್ದಾಳೆ. ಪಶ್ಚಿಮ ಮರುಭೂಮಿಯ ಖಾರ್ಗಾ ಓಯಸಿಸ್‌ನ ಹಿಬಿಸ್ ದೇಗುಲಕ್ಕೆ ನಮಗೆ ಹೋಗಲಾಗಲಿಲ್ಲ. ಅಲ್ಲಿ, ಪರ್ಷಿಯನ್ನರು ಆಳುತ್ತಿದ್ದ ಕಾಲದ ಚಿತ್ರದಲ್ಲಿ, ಖ್ನುಮ್ ಕಾಲಿನಿಂದ ಒದ್ದು ತಿಗರಿ ತಿರುಗಿಸುತ್ತಾನೆ. ಕಾಲ್ತಿಗರಿ ಈಜಿಪ್ಟಿಗೆ ಬಂದಾಗ ದೇವರೂ ಅದಕ್ಕೆ ಬದಲಾಯಿಸಿಕೊಂಡ! ಇದನ್ನು ಹೇಳಿದಾಗ ಅಕ್ಕನಿಗೆ ಆದ ಖುಷಿ ಹೇಳತೀರದು.

ಗುರುವಾರ, ಎಸ್ನಾ

ಈ ಪ್ರವಾಸದಲ್ಲಿ ಒಂದೇ ಜಾಗ ನೋಡಿ ಎಂದರೆ ನಾನು ಎಸ್ನಾ ಎನ್ನುತ್ತೇನೆ. ಲಕ್ಸರ್‌ನಿಂದ ದಕ್ಷಿಣಕ್ಕೆ ಕಾರಿನಲ್ಲಿ ಒಂದು ಗಂಟೆ ಚಿಲ್ಲರೆ. ಪೇಟೆ ಬೀದಿಯಲ್ಲಿ ಬಟ್ಟೆ ಅಂಗಡಿಗಳ ನಡುವೆ ನಡೆಯುತ್ತಿದ್ದ ಹಾಗೇ ಎದುರಿಗೆ ಒಂದು ದೊಡ್ಡ ಗುಂಡಿ. ಅದರ ತಳದಲ್ಲಿ, ಬೀದಿಗಿಂತ ಸುಮಾರು 9 ಮೀಟರ್ ಕೆಳಗೆ, ಖ್ನುಮ್ ದೇಗುಲದ ಮುಂದಿನ ಹಜಾರ. ಎರಡು ಸಾವಿರ ವರ್ಷದಲ್ಲಿ ಊರು ತನ್ನದೇ ಮಣ್ಣಿನ ಮೇಲೆ ಅಷ್ಟು ಎತ್ತರಕ್ಕೆ ಬೆಳೆದಿದೆ. ಹಸಿ ಇಟ್ಟಿಗೆಯ ಮನೆ ಬಿದ್ದರೆ ಅದನ್ನು ತಟ್ಟಿ ಸಮ ಮಾಡಿ ಅದರ ಮೇಲೇ ಹೊಸ ಮನೆ.

ಹಜಾರದಲ್ಲಿ 24 ಕಂಬ. ಕೆತ್ತನೆ ರೋಮನ್ ಚಕ್ರವರ್ತಿಗಳ ಕಾಲದ್ದು, ಕ್ಲಾಡಿಯಸ್‌ನಿಂದ ಮೂರನೇ ಶತಮಾನದ ಡೀಸಿಯಸ್‌ವರೆಗೆ. ಶತಮಾನಗಳ ಹೊಗೆ ಮಸಿಯಿಂದ ಚಾವಣಿ ಕಪ್ಪಾಗಿತ್ತು. 2018ರಿಂದ ಈಜಿಪ್ಟ್ ಸರ್ಕಾರದವರೂ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದವರೂ ಸೇರಿ ಅದನ್ನು ತೊಳೆಯುತ್ತಾ ಬಂದಿದ್ದಾರೆ. ಈಗ ತಲೆ ಎತ್ತಿದರೆ ನೀಲಿ, ಹಳದಿ, ಕೆಂಪು ಹೊಳೆಯುತ್ತದೆ. ನಾನು ಮಾತು ಮರೆತು ನಿಂತೆ.

ಬಣ್ಣಕ್ಕಿಂತ ದೊಡ್ಡದು ಕಂಬಗಳ ಮೇಲಿನ ಬರಹ. ಇಲ್ಲಿ ಖ್ನುಮ್‌ನ ದೀರ್ಘ ಸ್ತೋತ್ರ ಇದೆ. ಕುಂಬಾರ ದೇವರು ಮೈಯನ್ನು ಹೇಗೆ ಕಟ್ಟಿದ ಅನ್ನುವುದು ಅದರಲ್ಲಿ ಒಂದೊಂದೇ ಅಂಗವಾಗಿ ಬರುತ್ತದೆ. ಕೂದಲು ಮೊಳೆಸಿದ, ಎಲುಬಿನ ಮೇಲೆ ಚರ್ಮ ಹೊಂದಿಸಿದ, ತಲೆಬುರುಡೆ ಕಟ್ಟಿದ, ಕಣ್ಣು ತೆರೆದ, ಕಿವಿ ಬಿಡಿಸಿದ, ಮಾತಿಗೆ ನಾಲಿಗೆ ಕೊಟ್ಟ, ನುಂಗಲು ಗಂಟಲು ಕೊಟ್ಟ, ಮೈ ನಿಲ್ಲಲು ಬೆನ್ನೆಲುಬು ಇಟ್ಟ. ಮೂತ್ರಕೋಶವನ್ನೂ ಬಿಟ್ಟಿಲ್ಲ. ಬೇರೆ ಭಾಷೆ ಆಡುವ ಪರದೇಶದವರನ್ನೂ ಅವನೇ ಅದೇ ತಿಗರಿಯ ಮೇಲೆ ಮಾಡಿದ ಎನ್ನುತ್ತದೆ ಸ್ತೋತ್ರ. ಪ್ರಾಣಿ, ಪಕ್ಷಿ, ಮೀನು ಎಲ್ಲವೂ ಅವನ ಕೆಲಸ. ದೇರ್ ಎಲ್-ಬಹರಿಯಲ್ಲಿ ರಾಜನೊಬ್ಬನಿಗೆ ಇದ್ದ ತಿಗರಿ, ಒಂದೂವರೆ ಸಾವಿರ ವರ್ಷ ಕಳೆಯುವುದರಲ್ಲಿ ಎಲ್ಲರದೂ ಆಗಿದೆ.

ಎಸ್ನಾದಲ್ಲಿ ತಿಗರಿಯದೇ ಒಂದು ಹಬ್ಬ ಇತ್ತು. ಖ್ನುಮ್ ತನ್ನ ತಿಗರಿಯನ್ನು ಎಲ್ಲ ಹೆಣ್ಣುಗಳ ಗರ್ಭದೊಳಗೆ ನೆಲೆಗೊಳಿಸಿದ ದಿನದ ಹಬ್ಬ. ಅಲ್ಲಿಂದ ಮುಂದೆ ಪ್ರತಿ ತಾಯಿಯ ಹೊಟ್ಟೆಯೊಳಗೂ ಆ ತಿಗರಿ ತಿರುಗುತ್ತದೆ. ರಾಣಿ ಅಹ್ಮೋಸಳ ಉಬ್ಬಿದ ಹೊಟ್ಟೆಯ ಗೆರೆಗೆ ಇಲ್ಲಿ ಮಾತಿನಲ್ಲಿ ಅರ್ಥ ಸಿಕ್ಕಿತು.

ಒಂದು ಕಡೆ ಸ್ತೋತ್ರವೊಂದನ್ನು ಬಹುತೇಕ ಟಗರಿನ ಅಕ್ಷರಗಳಲ್ಲೇ ಬರೆದಿದ್ದಾರೆ. ಸಾಲು ಸಾಲು ಟಗರು. ಅಕ್ಕ ಅದರ ಮುಂದೆ ಕೂತು ಚಿತ್ರ ಬರೆದುಕೊಂಡಳು. ಕಾವಲುಗಾರ ಅವಳಿಗೆ ಚಹಾ ತಂದುಕೊಟ್ಟ.

ಶುಕ್ರವಾರ, ಅಸ್ವಾನ್ ಮತ್ತು ಸೆಹೆಲ್

ಅಸ್ವಾನ್‌ನಲ್ಲಿ ನೈಲ್ ಬೇರೆಯೇ ನದಿ. ಕರಿ ಬಂಡೆಗಳ ನಡುವೆ ಸುಳಿಯುತ್ತಾ ಹರಿಯುತ್ತದೆ. ಸೆಹೆಲ್ ದ್ವೀಪಕ್ಕೆ ದೋಣಿಯಲ್ಲಿ ಹೋದೆವು. ಬಂಡೆಗಳ ಮೇಲೆ ನೂರಾರು ಬರಹ. ತುದಿಯ ದೊಡ್ಡ ಗ್ರಾನೈಟ್ ಬಂಡೆಯಲ್ಲಿ ಬರಗಾಲದ ಶಾಸನ. ಜೋಸರ್ ರಾಜನ ಕಾಲದ ಏಳು ವರ್ಷದ ಬರದ ಕಥೆ ಅದರಲ್ಲಿದೆ, ಕೆತ್ತಿಸಿದ್ದು ಮಾತ್ರ ಎರಡು ಸಾವಿರ ವರ್ಷಕ್ಕೂ ಆಮೇಲೆ, ಗ್ರೀಕ್ ಮೂಲದ ಟಾಲೆಮಿ ರಾಜರ ಕಾಲದಲ್ಲಿ. ಖ್ನುಮ್ ರಾಜನ ಕನಸಿನಲ್ಲಿ ಬಂದು ನಿನ್ನನ್ನು ಮಾಡಿದವನು ನಾನೇ, ಪ್ರವಾಹ ನನ್ನ ಕೈಯಲ್ಲಿದೆ ಎನ್ನುತ್ತಾನೆ. ಎಚ್ಚೆತ್ತ ರಾಜ ಈ ಸೀಮೆಯ ಆದಾಯದಲ್ಲಿ ಹತ್ತನೇ ಒಂದು ಪಾಲನ್ನು ಗುಡಿಗೆ ಬರೆದುಕೊಡುತ್ತಾನೆ. ಪೂಜಾರಿಗಳ ಹಿತ ಇದರಲ್ಲಿ ಎದ್ದು ಕಾಣುತ್ತದೆ. ಆದರೂ ನನಗೆ ಬೇಕಾದ ಕೊಂಡಿ ಇಲ್ಲೇ ಇತ್ತು.

ಪ್ರವಾಹದ ನೀರು ಈ ಬಂಡೆಗಳ ಕೆಳಗಿನ ಗುಹೆಗಳಿಂದ ಏಳುತ್ತದೆ, ಅದನ್ನು ಬಿಡುವವನು ಖ್ನುಮ್ ಎಂದು ನಂಬಿದ್ದರು. ನಿಜವಾಗಿ ಅದು ಬರುತ್ತಿದ್ದದ್ದು ಇಥಿಯೋಪಿಯಾದ ಬೆಟ್ಟಗಳಿಂದ, ನಮ್ಮಲ್ಲಿ ಮುಂಗಾರು ಸುರಿಯುವ ಅದೇ ತಿಂಗಳುಗಳಲ್ಲಿ. ನೀರಿನ ಜೊತೆ ಕಪ್ಪು ಮೆಕ್ಕಲು. ಮೆಕ್ಕಲಿನಿಂದ ಬೆಳೆ, ಇಟ್ಟಿಗೆ, ಮಡಕೆ. ಪ್ರವಾಹದ ಬಾಗಿಲು ಕಾಯುವ ದೇವರೇ ಮಣ್ಣು ತರುವವನು. ಮಣ್ಣು ತರುವವನು ಕುಂಬಾರನಾದ. ಕುಂಬಾರನಾದವನು ಮನುಷ್ಯರನ್ನು ಮಾಡಿದ. ಕಥೆ ಬೆಳೆದ ದಾರಿ ಇದು ಅಂತ ನನ್ನ ನಂಬಿಕೆ.

1970ರಲ್ಲಿ ಅಸ್ವಾನ್ ಹೈ ಡ್ಯಾಮ್ ಮುಗಿದ ಮೇಲೆ ಆ ಮೆಕ್ಕಲು ನಾಸರ್ ಸರೋವರದಲ್ಲೇ ಕೂರುತ್ತದೆ. ಕೆನಾದ ಮುದುಕ ಕಲಸುತ್ತಿದ್ದ ಕಪ್ಪು ಮಣ್ಣು ಹಳೆಯ ಪ್ರವಾಹಗಳದ್ದು. ಹೊಸತು ಬರುವುದಿಲ್ಲ. ಇದನ್ನು ಹೇಳಿದಾಗ ಅಕ್ಕನ ಮುಖ ಬಾಡಿತು. ಅಣೆಕಟ್ಟಿನಿಂದ ಬರ, ನೆರೆ ಎರಡೂ ತಪ್ಪಿದೆ, ಅದನ್ನೂ ಹೇಳಿದೆ. ಅವಳು ಒಪ್ಪಿದಳು, ಆದರೆ ಮುಖ ತಿಳಿಯಾಗಲಿಲ್ಲ.

ಶನಿವಾರ, ಎಲಿಫೆಂಟೀನ್

ಖ್ನುಮ್‌ನ ಸ್ವಂತ ಊರು ಈ ದ್ವೀಪ. ಅಸ್ವಾನ್ ಪೇಟೆಯ ಎದುರಿಗೇ ಇದೆ, ದೋಣಿಯಲ್ಲಿ ಐದು ನಿಮಿಷ. ದಕ್ಷಿಣದ ತುದಿಯಲ್ಲಿ ಹಳೆಯ ಊರಿನ ದಿಬ್ಬ. ಖ್ನುಮ್ ಗುಡಿಯಲ್ಲಿ ಈಗ ಉಳಿದಿರುವುದು ಒಂದು ದೊಡ್ಡ ಬಾಗಿಲು, ಒಂದಷ್ಟು ಬುಡಗಲ್ಲು. ನದಿಗೆ ಇಳಿಯುವ ಮೆಟ್ಟಿಲುಗಳ ಗೋಡೆಯಲ್ಲಿ ನೀರಿನ ಮಟ್ಟದ ಗುರುತುಗಳು. ಪ್ರವಾಹ ಎಷ್ಟು ಏರಿತು ಎಂದು ಅಳೆದು ಆ ವರ್ಷದ ಕಂದಾಯ ಅಂದಾಜು ಮಾಡುತ್ತಿದ್ದರು.

ನಾನು ಇಲ್ಲಿಗೆ ಬಂದದ್ದು ಇನ್ನೊಂದು ಕಾರಣಕ್ಕೂ ಹೌದು. ಕ್ರಿ.ಪೂ. ಐದನೇ ಶತಮಾನದಲ್ಲಿ ಪರ್ಷಿಯಾದ ಪರವಾಗಿ ಗಡಿ ಕಾಯುತ್ತಿದ್ದ ಯಹೂದಿ ಸೈನಿಕರ ಕೇರಿ ಈ ದ್ವೀಪದಲ್ಲಿತ್ತು. ಅವರ ದೇವರು ಯಾಹುವಿಗೆ, ಅಂದರೆ ಬೈಬಲಿನ ಯೆಹೋವನಿಗೆ, ಇಲ್ಲೇ ಒಂದು ಗುಡಿ. ಖ್ನುಮ್ ಗುಡಿಯ ನೆರೆಯಲ್ಲೇ! ಅರಾಮಿಕ್ ಭಾಷೆಯ ಅವರ ಪಪೈರಸ್ ಕಾಗದಗಳು ಸಿಕ್ಕಿವೆ. ಹೆಚ್ಚಿನವು ಸಾಲ, ಮದುವೆ, ಮನೆ ಮಾರಾಟದ ಪತ್ರಗಳು, ಕಾಗದಗಳು. ಕ್ರಿ.ಪೂ. 410ರಲ್ಲಿ ಖ್ನುಮ್‌ನ ಪೂಜಾರಿಗಳು ಅಲ್ಲಿನ ಅಧಿಕಾರಿಯನ್ನು ಒಲಿಸಿಕೊಂಡು ಯಾಹುವಿನ ಗುಡಿಯನ್ನು ಕೆಡವಿಸಿದರು. ಅದನ್ನು ಮತ್ತೆ ಕಟ್ಟಲು ಒಪ್ಪಿಗೆ ಕೇಳಿ ಜುದೇಯದ ರಾಜ್ಯಪಾಲನಿಗೆ ಬರೆದ ಮನವಿ ಇಂದಿಗೂ ಓದಲು ಸಿಗುತ್ತದೆ.

ಮಣ್ಣಿನಿಂದ ಮನುಷ್ಯನನ್ನು ಮಾಡಿದ ಇಬ್ಬರು ದೇವರು ಒಂದೇ ಓಣಿಯವರು. ಒಂದರಿಂದ ಇನ್ನೊಂದು ಕಥೆ ಬಂತು ಎಂದು ನಾನು ಹೇಳುತ್ತಿಲ್ಲ. ಆ ಕಾಗದಗಳಲ್ಲಿ ಆದಮನ ಹೆಸರೇ ಇಲ್ಲ. ಆದರೆ ಕಥೆಗಳು ಬೆಳೆಯುವುದು ಇಂಥ ಓಣಿಗಳಲ್ಲೇ ಅಲ್ವಾ?

ಆ ಪತ್ರಗಳಲ್ಲಿ ಒಂದು ಕುಟುಂಬದ ಕಥೆಯೂ ಇದೆ. ಅನನ್ಯಾ ಎಂಬಾತ ಯಾಹುವಿನ ಗುಡಿಯ ಸೇವಕ. ಹೆಂಡತಿ ತಾಮೆತ್ ಈಜಿಪ್ಟಿನವಳು, ಬೇರೆಯವರ ಮನೆಯ ದಾಸಿಯಾಗಿದ್ದವಳು. ಕ್ರಿ.ಪೂ. 449ರಲ್ಲಿ ಮದುವೆ. ಇಬ್ಬರು ಮಕ್ಕಳು, ಪಲ್ಟಿ ಮತ್ತು ಯೆಹೋಯಿಶ್ಮಾ. ಮನೆ ಯಾಹುವಿನ ಗುಡಿಯ ಎದುರಿನ ಓಣಿಯಲ್ಲಿ.

ಉತ್ಖನನದ ಹಸಿ ಇಟ್ಟಿಗೆ ಗೋಡೆಗಳ ನಡುವೆ ನಿಂತು ಅಕ್ಕನಿಗೆ ಇದನ್ನೆಲ್ಲ ಹೇಳಿದೆ. ಆ ಮಕ್ಕಳು ಒಂದು ದಿನ ನಮ್ಮನ್ನು ಯಾರು ಮಾಡಿದರು ಎಂದು ಕೇಳಿಯೇ ಇರುತ್ತಾರೆ, ಅಮ್ಮ ಯಾವ ಕಥೆ ಹೇಳಿರಬಹುದು ಎಂದು ಕೇಳಿದೆ.

"ತಾನು ತನ್ನ ಅಮ್ಮನಿಂದ ಕೇಳಿದ್ದನ್ನ," ಅಂದಳು ಅಕ್ಕ. "ಟಗರಿನ ತಲೆ ಇದ್ದರೆ ಮಕ್ಕಳು ಬೇಗ ಸುಮ್ನಾಗ್ತಾರೆ. ಅಪ್ಪ ಮನೆಗೆ ಬಂದ ಮೇಲೆ ಅವನ ಕಥೆ ಅವನು ಹೇಳಿರ್ತಾನೆ. ಮಕ್ಕಳು ಎರಡನ್ನೂ ನಂಬಿರ್ತಾರೆ."